ತೆರಕಣಾಂಬಿಯ ನೀರು

ನಮ್ಮಜ್ಜಿ ತನ್ನ ತವರನ್ನು ಕಾಣುತ್ತಿದ್ದದ್ದು ಗುಂಡ್ಲುಪೇಟೆಯ ಬಸ್ ಸ್ಟ್ಯಾಂಡಿನಲ್ಲಿ. ತವರೂರು ತೆರಕಣಾಂಬಿ. ಚಾಮರಾಜನಗರದ ಪಕ್ಕದ ನಮ್ಮ ಹಳ್ಳಿಯಿಂದ ಬಸ್ಸು ಹಿಡಿದರೆ ಅದು ದಾರಿಯಲ್ಲೇ ಸಿಗುತ್ತದೆ, ಗುಂಡ್ಲುಪೇಟೆ ಅದರಾಚೆಗೆ. ಆದರೆ ಅಜ್ಜಿ ತೆರಕಣಾಂಬಿಯಲ್ಲಿ ಇಳಿಯುತ್ತಿರಲಿಲ್ಲ. ಅಲ್ಲಿ ಬಸ್ಸು ನಿಂತಾಗ ಅವಳ ತಮ್ಮ ಹತ್ತುತ್ತಿದ್ದ. ಪಕ್ಕದ ಸೀಟಿನ ಮೇಲೆ ಚೀಲ ಇಟ್ಟುಕೊಂಡು, ಕೇಳಿದವರಿಗೆಲ್ಲ "ಆಳ್ ಬತ್ತಾರೆ" ಅಂದು, ಜಗಳ ಆಡಿಯಾದರೂ ಉಳಿಸಿಟ್ಟ ಜಾಗದಲ್ಲಿ ಅವನನ್ನು ಕೂರಿಸಿಕೊಳ್ಳುತ್ತಿದ್ದಳು. ಇಬ್ಬರೂ ಗುಂಡ್ಲುಪೇಟೆಗೆ ಹೋಗಿ, ಲಾರಿಗಳ ಹೊಗೆಯ ನಡುವೆ ಕಲ್ಲುಬೆಂಚಿನ ಮೇಲೆ ಕೂತು, ಎರಡು ಸಲ ಟೀ ಕುಡಿದು, ಯಾರು ಸತ್ತರು, ಯಾರ ಹಸು ಈಯಿತು, ಗೋಪಾಲಸ್ವಾಮಿ ಬೆಟ್ಟದ ಮೇಲೆ ಮೋಡ ಕೂತಿದೆಯೋ ಇಲ್ಲವೋ ಎಲ್ಲ ಮಾತಾಡಿ ಮುಗಿಸಿ, ಮತ್ತೆ ಬಸ್ಸು ಹತ್ತುತ್ತಿದ್ದರು. ತಾತ, ಅಂದರೆ ಅಜ್ಜಿಯ ಆ ತಮ್ಮ, ತೆರಕಣಾಂಬಿಯಲ್ಲಿ ಇಳಿದು ಮನೆಗೆ ಹೋಗುತ್ತಿದ್ದ. ಅಜ್ಜಿ ಕಿಟಕಿಯಿಂದ ಅವನ ಬೆನ್ನು ನೋಡಿಕೊಂಡು ನಮ್ಮೂರಿಗೆ ಬರುತ್ತಿದ್ದಳು. ಮೂವತ್ತೈದು ವರ್ಷ ಹೀಗೇ ನಡೆಯಿತು.

ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲಂತೂ ತಿಂಗಳಿಗೊಮ್ಮೆ ಇದ್ದದ್ದು ವಾರಕ್ಕೊಮ್ಮೆ ಆಯಿತು. ಕಂಡಕ್ಟರು ಹತ್ತಿರ ಬರುವ ಮೊದಲೇ ಆಧಾರ್ ಕಾರ್ಡನ್ನು ಮುಖದ ಪಕ್ಕ ಹಿಡಿದುಕೊಂಡು "ನೋಡ್ಕೊ ಮಗ, ನಾನೇಯ" ಅನ್ನುತ್ತಿದ್ದಳು. ತಾತ ಮಾತ್ರ ದುಡ್ಡು ಕೊಟ್ಟು ಟಿಕೆಟ್ ತೆಗೆದುಕೊಳ್ಳಬೇಕಿತ್ತು. "ಗಂಡ್ಸಾಗ್ ಉಟ್ಟಿ ಕೆಟ್ಟೆ ಕಣಕ್ಕ" ಅಂತ ಪ್ರತಿ ಸಲವೂ ಅನ್ನುತ್ತಿದ್ದ. ಅಜ್ಜಿ ಪ್ರತಿ ಸಲವೂ ಮೊದಲ ಸಲ ಕೇಳಿದಂತೆ ನಗುತ್ತಿದ್ದಳು.

ಇದಕ್ಕೆಲ್ಲ ಕಾರಣ ನಮ್ಮವ್ವನ ಮದುವೆ. ಅವ್ವ ಅಜ್ಜಿಗೆ ಒಬ್ಬಳೇ ಮಗಳು. ಅವಳನ್ನು ತಾತನ ಮಗನಿಗೆ ಕೊಡುವುದೆಂದು ತೊಟ್ಟಿಲಲ್ಲಿದ್ದಾಗಲೇ ಮಾತಾಗಿತ್ತು. ನಮ್ಮ ಕಡೆ ಇದು ಮಾಮೂಲು. ಹುಡುಗ ದೊಡ್ಡವನಾದ ಮೇಲೆ ಬೇರೆ ಹುಡುಗಿಯನ್ನು ಒಪ್ಪಿಕೊಂಡ. ತಾತನಿಗೆ ಅದನ್ನು ಅಕ್ಕನ ಮುಂದೆ ಹೇಳುವ ಧೈರ್ಯ ಬರಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಅಂತ ದಿನ ತಳ್ಳಿದ. ಅಜ್ಜಿ ಲಗ್ನದ ದಿನ ಗೊತ್ತು ಮಾಡಲು ತೆರಕಣಾಂಬಿಗೆ ಹೋದರೆ, ಹಿಂದಿನ ವಾರವೇ ಬೇರೆ ಕಡೆ ವೀಳ್ಯ ಬದಲಾಯಿಸಿಕೊಂಡಾಗಿತ್ತು. ಹೇಳಿದ್ದು ತಮ್ಮನೂ ಅಲ್ಲ, ಎದುರುಮನೆಯವರು. ಅಜ್ಜಿ ತಮ್ಮನ ಮನೆಯ ನಡುಮನೆಯಲ್ಲಿ ನಿಂತು ಅಂದಳಂತೆ: "ಇನ್ನು ನಿನ್ನ ಒಸ್ಲು ತುಳುದ್ರೆ, ನಿನ್ನ ಮನೆ ನೀರು ಬಾಯಿಗ್ ಬುಟ್ಕಂಡ್ರೆ, ಮಾದಪ್ಪನ ಮೇಲಾಣೆ."

ಮಾದಪ್ಪ ಅಂದರೆ ಬೆಟ್ಟದ ಮಹದೇಶ್ವರ. ನಮ್ಮ ಜಿಲ್ಲೆಯಲ್ಲಿ ಕೋರ್ಟಿನಲ್ಲಿ ಸುಳ್ಳು ಹೇಳುವವರೂ ಆ ಹೆಸರು ಎತ್ತಿದರೆ ಬಾಯಿ ಮುಚ್ಚಿಕೊಳ್ಳುತ್ತಾರೆ.

ಅವ್ವನಿಗೆ ಆಮೇಲೆ ನಮ್ಮಪ್ಪ ಮನೆ ಅಳಿಯನಾಗಿ ಸಿಕ್ಕ, ನಾನು ಹುಟ್ಟಿದೆ. ಅವ್ವನ ಮನಸ್ಸಿನಲ್ಲಿ ಮುರಿದುಹೋದ ಆ ಸಂಬಂಧದ ನೆನಪು ಕೂಡ ಇರಲಿಲ್ಲ. ತಾತನ ಮಗ ಹಬ್ಬಕ್ಕೆ ನಮ್ಮ ಮನೆಗೆ ಬಂದರೆ ಅವ್ವ ಅವನಿಗೆ ಎರಡು ಹೋಳಿಗೆ ಹೆಚ್ಚಿಗೆ ಬಡಿಸಿ, "ನನ್ ಕೈ ಅಡ್ಗೆ ಉಣ್ಣೊ ಯೋಗ ನಿಂಗಿರ್ಲಿಲ್ಲ ಬುಡು" ಅಂತ ರೇಗಿಸುತ್ತಿದ್ದಳು. ಆಣೆ ಅಜ್ಜಿಯೊಬ್ಬಳದೇ. ನಾವೆಲ್ಲ ಅಲ್ಲಿಗೆ ಹೋಗುತ್ತಿದ್ದೆವು, ಅವರು ಇಲ್ಲಿಗೆ ಬರುತ್ತಿದ್ದರು. ಒಂದು ಸಲ ಅವ್ವ ತಡೆಯಲಾರದೆ ಕೇಳಿದಳು.

"ನಂಗೇ ಕ್ವಾಪ ಇಲ್ಲ. ನಿಂಗ್ಯಾಕವ್ವ ಇನ್ನೂ?"

"ಕ್ವಾಪ ಯಾವಾಗ್ಲೋ ಓಯ್ತು ಕಣಮ್ಮಿ," ಅಂದಳು ಅಜ್ಜಿ, ಎಲೆಗೆ ಸುಣ್ಣ ಸವರುತ್ತಾ. "ಆಣೆ ಅದೆ."

ಅಜ್ಜಿಯನ್ನು ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ. ಬಾಯಿಂದ ಹೊರಬಿದ್ದ ಮಾತು ಅವಳಿಗೆ ಕೊಟ್ಟಿಗೆಯಲ್ಲಿ ಕಟ್ಟಿದ ದನದ ಹಾಗೆ. ಬೇಕಿರಲಿ, ಬೇಡದಿರಲಿ, ಹೊತ್ತು ಹೊತ್ತಿಗೆ ಹುಲ್ಲು ಹಾಕಬೇಕು. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಸ್ಕೂಲಿಗೆ ಚಕ್ಕರ್ ಹೊಡೆದು, ಮೇಷ್ಟ್ರು ಕೇಳಿದರೆ ಜ್ವರ ಅಂತ ಹೇಳು ಅಂತ ಅಜ್ಜಿಗೆ ಹೇಳಿಕೊಟ್ಟಿದ್ದೆ. ಮೇಷ್ಟ್ರು ಬೀದಿಯಲ್ಲಿ ಸಿಕ್ಕಿ ಕೇಳಿದರು. ಅಜ್ಜಿ ಹೇಳಿದಳು: "ಜ್ವರ ಅನ್ನು ಅಂತ ಯೋಳ್ಕೊಟ್ಟದೆ ಕೂಸು." ಮೇಷ್ಟ್ರು ನಕ್ಕುಬಿಟ್ಟರು. ನನಗೆ ಮಾತ್ರ ಮಾರನೇ ದಿನ ಬಿತ್ತು. ನಾನು ಅಳುತ್ತಾ ಬಂದು ಜಗಳ ಆಡಿದರೆ, "ನೀ ಯೋಳ್ದಂಗೇ ಯೋಳಿವ್ನಿ, ಒಂದಕ್ಸರ ಆಚೀಚೆ ಮಾಡಿಲ್ಲ" ಅಂತ ನನಗೇ ತಿರುಗಿಸಿ ಹೇಳಿದಳು.

ತನ್ನ ಆಣೆಗೆ ಅವಳೇ ವಕೀಲೆ, ಅವಳೇ ಜಡ್ಜು. ತಮ್ಮನ ಮನೆಯಲ್ಲಿ ಬೇಯಿಸಿದ್ದು ಕೂಡದು, ಅದರಲ್ಲಿ ಆ ಮನೆಯ ನೀರಿರುತ್ತದೆ. ಹಸಿಯದು ಆಗಬಹುದು. ಒಂದು ಬೇಸಗೆಯಲ್ಲಿ ತಾತ ಎರಡು ಎಳನೀರು ತಂದ. ಅದು ಮರದ್ದು, ಮನೆಯದಲ್ಲ ಅಂತ ಮೊದಲು ತೆಗೆದುಕೊಂಡಳು. ಕೊಚ್ಚುವವನು ಮಚ್ಚು ಎತ್ತಿದ ಮೇಲೆ ತಡೆದಳು. "ಮರ ಯಾರ್ ಬಾವಿ ನೀರ್ ಕುಡ್ದದ್ದು?" ಅಂತ ಕೇಳಿದಳು. "ನಮ್ದೇ ಬಾವಿ" ಅಂದ ತಾತ. ಎಳನೀರನ್ನು ತಾತನೂ ನಾನೂ ಕುಡಿದೆವು, ಅಜ್ಜಿ ಟೀ ಕುಡಿದಳು. ಬರುವಾಗ ಚೀಲದಲ್ಲಿ ತಾತ ಕೊಟ್ಟ ಅವರೆಕಾಯಿ ಇತ್ತು. "ಅವರೆಗೂ ಅದೇ ನೀರಲ್ವಾ ಅಜ್ಜಿ?" ಅಂತ ಕೆಣಕಿದೆ.

"ಅವರೆ ಮಳೆ ನೀರಲ್ ಬೆಳೀತದೆ. ಕೇಳಕ್ ಬಂದ್ಳು ಟೀಚರಮ್ಮ."

ಹೌದು, ನಾನು ಆಮೇಲೆ ಟೀಚರಾದೆ, ಚಾಮರಾಜನಗರದಲ್ಲೇ. ಈ ಎಳನೀರಿನ ಕತೆಯನ್ನು ಸ್ಟಾಫ್ ರೂಮಿನಲ್ಲಿ ಎಷ್ಟು ಸಲ ಹೇಳಿ ನಗಿಸಿದ್ದೇನೋ ಲೆಕ್ಕವಿಲ್ಲ. ಈಗ ಅದನ್ನು ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಎಲ್ಲವೂ ನಗುವಂಥದ್ದಾಗಿರಲಿಲ್ಲ. ಹತ್ತು ವರ್ಷದ ಹಿಂದೆ ತಾತನ ಹೆಂಡತಿ ತೀರಿಕೊಂಡಾಗ ನಾವೆಲ್ಲ ಹೋದೆವು. ಅಜ್ಜಿಯೂ ಬಂದಳು. ತೆರಕಣಾಂಬಿಯಲ್ಲಿ ಅವಳು ಇಳಿದದ್ದನ್ನು ನಾನು ನೋಡಿದ್ದು ಅದೇ ಮೊದಲು. ಬೀದಿಯ ತನಕ ನಡೆದು ಬಂದವಳು ಎದುರುಮನೆಯ ಜಗಲಿಯ ಮೇಲೆ ಕೂತುಬಿಟ್ಟಳು. ಒಳಗೆ ನಾದಿನಿಯ ಹೆಣ, ಹೊರಗೆ ಬೀದಿಯ ಆಚೆ ಅಜ್ಜಿ. ಅಲ್ಲಿಂದಲೇ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ನೆಂಟರೆಲ್ಲ ಬಾಯಿಗೆ ಬಂದಂತೆ ಅಂದರು. ಸಾವಿನ ಮನೆಯಲ್ಲೂ ಹಟವಾ ಅಂದರು. ನನಗೂ ಆ ಹೊತ್ತು ಅವಳು ಬೇಡವಾಗಿದ್ದಳು. ತಾತ ಮಾತ್ರ ಯಾರಿಗೂ ಮಾತಾಡಲು ಬಿಡಲಿಲ್ಲ. ಹೆಣ ಎತ್ತುವಾಗ ಬೀದಿಯ ಆ ಬದಿಗೆ ಹೋಗಿ ಒಂದು ಗಳಿಗೆ ಇಳಿಸಲು ಹೇಳಿದ, ಅಕ್ಕ ಮುಖ ನೋಡಲಿ ಅಂತ. ಹೊತ್ತವರು ಗೊಣಗಿದರೂ ಇಳಿಸಿದರು.

ಆಣೆ ಇಳಿಸಿಕೊಳ್ಳುವ ದಾರಿ ಇಲ್ಲದೇ ಇಲ್ಲ. ಆಣೆ ಇಟ್ಟವರು, ಯಾರ ವಿರುದ್ಧ ಇಟ್ಟರೋ ಅವರು, ಇಬ್ಬರೂ ಕೂಡಿ ಮಾದಪ್ಪನ ಬೆಟ್ಟಕ್ಕೆ ಹೋಗಬೇಕು. ದೇವರ ಮುಂದೆ ನಿಂತು, ಇಟ್ಟವರು ತಮ್ಮ ಬಾಯಿಂದಲೇ "ತಪ್ಪಾಯ್ತು, ಬಿಟ್ಟೆ" ಅನ್ನಬೇಕು. ತಪ್ಪುಕಾಣಿಕೆ ಹಾಕಿ, ಒಬ್ಬರ ಕೈಯಿಂದ ಒಬ್ಬರು ತೀರ್ಥ ಕುಡಿದರೆ ಮುಗಿಯಿತು. ಹೆಚ್ಚೆಂದರೆ ಒಂದು ದಿನದ ಕೆಲಸ.

ಹಾಗಾದರೆ ಯಾಕೆ ಹೋಗಲಿಲ್ಲ? ಇದನ್ನು ನಾನು ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿದ್ದೆ. ಅಜ್ಜಿ ಅಂದಳು: "ತಪ್ ಮಾಡ್ದೋನು ಅವ್ನು. ಎಲೆ ಅಡ್ಕೆ ಇಡ್ಕಂಡ್ ಬಂದು, ಅಕ್ಕ ನಡಿ ಬೆಟ್ಟುಕ್ಕೆ ಅನ್ಲಿ. ನಾ ಬರಲ್ಲ ಅಂದೆನಾ?" ತಾತ ಅಂದ: "ಆಣೆ ಇಟ್ಟೋಳು ಅವ್ಳು, ದೊಡ್ಡೋಳು. ಅವ್ಳಾಗೇ ಬಾ ಓಗನ ಅಂದ್ರೆ ಈ ಗಳ್ಗೇನೇ ಒಂಟುಬುಡ್ತೀನಿ. ನಾ ಕರುದ್ರೆ ನಿನ್ ಮಾತ್ ಮುರಿ ಅಂದಂಗಾಯ್ತದೆ ಕೂಸೆ. ಎಂಗ್ ಕರೀಲಿ?" ವಾರ ವಾರ ಪಕ್ಕ ಪಕ್ಕ ಕೂತು ಲೋಕದ್ದೆಲ್ಲ ಮಾತಾಡುತ್ತಿದ್ದ ಇಬ್ಬರು, ಇದೊಂದನ್ನು ಮಾತ್ರ ಒಬ್ಬರಿನ್ನೊಬ್ಬರ ಮರ್ಯಾದೆ ಕಾಯಲು ಆಡಲಿಲ್ಲ. ಇಬ್ಬರ ಮನಸ್ಸೂ ಗೊತ್ತಿದ್ದವಳು ಲೋಕದಲ್ಲಿ ನಾನೊಬ್ಬಳೇ. ಅವಳು ಹೀಗಂದಳು ಅಂತ ಅವನಿಗೆ, ಅವನು ಹೀಗಂದ ಅಂತ ಇವಳಿಗೆ ಒಂದು ಮಾತು ಮುಟ್ಟಿಸಿದ್ದರೆ ಸಾಕಿತ್ತು. ಮುಟ್ಟಿಸಲಿಲ್ಲ. ದೊಡ್ಡವರ ವಿಷಯ ಅಂದುಕೊಂಡೆ. ನಿಜ ಹೇಳಬೇಕೆಂದರೆ, ಅದು ಅಷ್ಟು ಅವಸರದ ಕೆಲಸ ಅಂತ ನನಗೆ ಅನ್ನಿಸಲೇ ಇಲ್ಲ.

ಕೊನೆಗೆ ಅಜ್ಜಿಯೇ ಸೋತಳು. ಕಳೆದ ವರ್ಷ ತಾತ ಗದ್ದೆಯ ಬದುವಿನಲ್ಲಿ ಜಾರಿ ಬಿದ್ದು ಒಂದು ತಿಂಗಳು ಬಸ್ಸು ಹತ್ತಲಿಲ್ಲ. ಆ ನಾಲ್ಕು ವಾರವೂ ಅಜ್ಜಿ ಪಕ್ಕದ ಸೀಟು ಖಾಲಿ ಬಿಟ್ಟುಕೊಂಡು ಗುಂಡ್ಲುಪೇಟೆಗೆ ಹೋಗಿ ಒಬ್ಬಳೇ ಕೂತು ಬಂದಳು. ಐದನೆಯ ವಾರ ತಾತ ಕೋಲು ಹಿಡಿದು ಹತ್ತಿದ. ಅದಾಗಿ ಮೂರು ದಿನಕ್ಕೆ ಅಜ್ಜಿ ನನ್ನನ್ನು ಹಿತ್ತಲಿಗೆ ಕರೆದಳು.

"ಬರೋ ಸೋಮಾರ ಬೆಟ್ಟುಕ್ ಓಗ್ಬುಡನ. ಒಂದ್ ಕಾರ್ ಮಾಡು. ಅವ್ನೂ ನಾನೂ ಕುಂತ್ಕತೀವಿ, ನೀನೂ ಬಾ."

"ತಾತಂಗೆ ಹೇಳ್ಲಾ?"

"ನೀ ಯೋಳ್ಬ್ಯಾಡ. ನಾನೇ ಯೋಳ್ಬೇಕು. ನನ್ ಬಾಯಲ್ಲೇ ಯೋಳ್ತೀನಿ, ಶನ್ವಾರ ಬಸ್ಸಲ್ ಸಿಗ್ತಾನಲ್ಲ."

ಆ ವಾರ ನಮಗೆಲ್ಲ ಮನೆಮನೆ ಸಮೀಕ್ಷೆಯ ಕೆಲಸ ಹಾಕಿದ್ದರು. ಮೊಬೈಲಿನಲ್ಲಿ ತುಂಬಬೇಕಾದ ಪ್ರಶ್ನೆಗಳು, ಸಿಗದ ನೆಟ್‌ವರ್ಕು, ದಿನಕ್ಕೆರಡು ಸಲ ಮೇಲಿನವರ ಫೋನು. ರಜೆ ಕೇಳುವ ಮಾತೇ ಇರಲಿಲ್ಲ. ಅಥವಾ ಇತ್ತೋ ಏನೋ, ನಾನು ಕೇಳಲಿಲ್ಲ. "ಇನ್ನೊಂದು ವಾರ ತಡಿ ಅಜ್ಜಿ, ಮುಂದಿನ ಸೋಮವಾರ ಹೋಗೋಣ" ಅಂದೆ. ಅವಳಿಗೆ ಬೇಜಾರಾದಂತೆ ಕಾಣಲಿಲ್ಲ.

"ಮೂವತ್ತೈದ್ ವರ್ಸ ತಡ್ದದೆ, ಒಂದ್ ವಾರ ತಡ್ಯದಿಲ್ವಾ? ನಿನ್ ಕೆಲ್ಸ ನೋಡ್ಕೊ ಕಣಮ್ಮಿ. ಅಂಗಾರೆ ಅವ್ನಿಗೂ ಮುಂದಿನ್ ಶನ್ವಾರ್ವೇ ಯೋಳ್ತೀನಿ, ಈಗ್ಲೇ ಯೋಳುದ್ರೆ ಅಲ್ಲೀಗಂಟ ನಿದ್ದೆ ಮಾಡಕ್ಕಿಲ್ಲ ಅವ್ನು."

ಆ ಮುಂದಿನ ಶನಿವಾರದ ಹಿಂದಿನ ದಿನ, ಬೆಳಿಗ್ಗೆ, ದನದ ಹತ್ತಿರ ಹೋದವಳು ಅಲ್ಲೇ ಕುಸಿದಳು. ಸ್ಟ್ರೋಕ್ ಅಂದರು. ಬಲಗೈ ಬಲಗಾಲು ಹೋಯಿತು. ಬಾಯಿ ಒಂದು ಪಕ್ಕಕ್ಕೆ ಎಳೆದುಕೊಂಡಿತು. ಕಣ್ಣು ಸರಿ ಇತ್ತು, ಗುರುತು ಸರಿ ಇತ್ತು, ಹೇಳಿದ್ದೆಲ್ಲ ತಿಳಿಯುತ್ತಿತ್ತು. ಮಾತು ಮಾತ್ರ ಹೋಗಿತ್ತು. ಆಸ್ಪತ್ರೆಯ ಡಾಕ್ಟರು ಒಳ್ಳೆಯ ಮನುಷ್ಯ. ಮಾತು ಬರುತ್ತದಾ ಅಂತ ನಾನು ನಾಲ್ಕು ಸಲ ಕೇಳಿದರೂ ರೇಗದೆ, "ಈ ವಯಸ್ಸಿಗೆ ಕಷ್ಟ ಟೀಚರ್" ಅಂತ ನಾಲ್ಕು ಸಲವೂ ಹೇಳಿದರು.

ತಾತ ಕೋಲೂರಿಕೊಂಡು ಬಂದ. ಆಸ್ಪತ್ರೆಯ ವರಾಂಡದಲ್ಲಿ ಅವನನ್ನು ಕೂರಿಸಿ, ಹೇಳಬೇಕಾದದ್ದನ್ನು ಹೇಳಿದೆ. ಅಜ್ಜಿ ಬೆಟ್ಟಕ್ಕೆ ಹೊರಟಿದ್ದಳು, ನಾನು ಒಂದು ವಾರ ಮುಂದೂಡಿದೆ ಅಂತ. ಬೈಯುತ್ತಾನೆ ಅಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು.

"ಅವ್ಳೇ ಅಂದ್ಲಾ?" ಅಂತ ಕೇಳಿದ.

"ಹೂಂ ತಾತ."

"ಅವ್ಳ್ ಬಾಯಲ್ಲೇ ಅಂದ್ಲಾ?"

"ಹೂಂ."

ಮತ್ತೊಂದು ಸಲ ಅದನ್ನೇ ಕೇಳಿದ. ಆಮೇಲೆ ಟವೆಲ್ಲಿನಿಂದ ಮುಖ ಒರೆಸಿಕೊಂಡು ಒಳಗೆ ಹೋಗಿ ಅಕ್ಕನ ಕಾಲ ಬಳಿ ಕೂತ.

ಹತ್ತು ದಿನಕ್ಕೆ ಮನೆಗೆ ಕರೆತಂದೆವು. ತಾತ ದಿನಾ ಬರತೊಡಗಿದ. ಅಜ್ಜಿಯ ಗಂಟಲಲ್ಲಿ ಚಮಚ ಚಮಚವಾಗಿ ಇಳಿಯುತ್ತಿದ್ದದ್ದು ಗಂಜಿ ಮತ್ತು ಹಾಲು. ಒಂದು ದಿನ ತಾತ ತನ್ನ ಮನೆಯ ಹಸುವಿನ ಹಾಲು ಕಾಯಿಸಿ ತಂದ. ನೀರು ಬೆರೆಸಿಲ್ಲ ಅಂತ ದೂರದಿಂದಲೇ ಹೇಳಿಕೊಂಡು ಬಂದ. ಅಜ್ಜಿ ಕ್ಯಾನನ್ನು ನೋಡಿದಳು, ತುಟಿ ಬಿಗಿದಳು. ಅವ್ವ ಬೇಡಿಕೊಂಡಳು, ನಾನು ಬೇಡಿಕೊಂಡೆ. ಅಪ್ಪ, ಯಾವತ್ತೂ ಅತ್ತೆಯ ಎದುರು ದನಿ ಎತ್ತದವನು, "ಸಾಕು ಬುಡತ್ತೆ, ಇನ್ನೂ ಯಾವ ಆಣೆ" ಅಂದ. ಅವಳ ಎಡಗಣ್ಣಿನಿಂದ ನೀರು ಇಳಿಯಿತು. ತುಟಿ ಬಿಡಲಿಲ್ಲ.

ನಾನು ಊರಿನ ಮಾದಪ್ಪನ ಗುಡಿಯ ಪೂಜಾರಪ್ಪನ ಹತ್ತಿರ ಹೋದೆ. ಅವಳ ಪರವಾಗಿ ನಾನು ಬೆಟ್ಟಕ್ಕೆ ಹೋಗಿ ಬಿಟ್ಟೆ ಅಂದರೆ ಆಗುತ್ತದಾ ಅಂತ ಕೇಳಿದೆ. ಬಿ.ಎಡ್. ಮಾಡಿದವಳು, ಮಕ್ಕಳಿಗೆ ವಿಜ್ಞಾನ ಹೇಳುವವಳು, ಗುಡಿಯ ಮೆಟ್ಟಿಲ ಮೇಲೆ ನಿಂತು ಕೈ ಮುಗಿದು ಕೇಳಿದೆ. "ಇಟ್ಟೋರ್ ಬಾಯಿಂದ್ಲೇ ಬುಡ್ಬೇಕು ಕಣವ್ವ. ನೀ ಬುಟ್ಟೆ ಅಂದ್ರೆ ಆಯ್ತದಾ?" ಅಂದ. ನನ್ನ ಮುಖ ನೋಡಿ ಏನನ್ನಿಸಿತೋ, ವಿಭೂತಿ ತಟ್ಟೆ ಹಿಡಿದು ನನ್ನ ಜೊತೆಯಲ್ಲೇ ಮನೆಗೆ ಬಂದ.

ಮಧ್ಯಾಹ್ನದ ಹೊತ್ತು. ತಾತನೂ ಇದ್ದ. ಪೂಜಾರಪ್ಪ ಅಜ್ಜಿಯ ಹಣೆಗೆ ವಿಭೂತಿ ಇಟ್ಟು, "ಬೆಟ್ಟುಕ್ ಬರಕ್ ಆಗದಿಲ್ಲ ನಿಂಗೆ, ಮಾದಪ್ಪನೇ ಬಂದವ್ನೆ ಅನ್ಕೊ. ಬುಟ್ಟೆ ಅಂತ ತಲೆ ಆಡ್ಸು, ಸಾಕು" ಅಂದ. ಅಜ್ಜಿ ತಲೆ ಆಡಿಸಲಿಲ್ಲ. ಬಾಯಿ ತೆರೆದಳು. "ಬು" ಅಂತ ಬಂತು. ನಿಂತಿತು. ಮತ್ತೆ "ಬು". ಕತ್ತಿನ ನರಗಳು ಎದ್ದು ಕಂಡವು, ಎಡಗೈ ಹಾಸಿಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಆ ಮಾತಿನ ಉಳಿದರ್ಧ ಅವಳಿಗೆ ಸಿಗಲಿಲ್ಲ. ಒಂದು ಗಂಟೆಯೇ ಆಗಿರಬೇಕು. ಮಕ್ಕಳಿಗೆ ಅಕ್ಷರ ಹೇಳಿಕೊಟ್ಟು ಬದುಕುವವಳು ನಾನು, ಎದುರಿಗೆ ಕೂತು ನನ್ನ ಬಾಯನ್ನೂ ಅವಳ ಜೊತೆ ಆಡಿಸುತ್ತಿದ್ದೆ. ಕಡೆಗೆ ಪೂಜಾರಪ್ಪನೇ ತಡೆಯಲಾರದೆ, "ಸಾಕವ್ವ, ಮಾದಪ್ಪನ್ಗೆ ಕೇಳುಸ್ತು, ಬುಟ್ಟಾಯ್ತು" ಅಂದ. ನಾವೆಲ್ಲ ಉಸಿರು ಬಿಟ್ಟೆವು. ತಾತ ತನ್ನ ಮನೆಯಿಂದ ತಂದಿದ್ದ ನೀರನ್ನು ಚಮಚಕ್ಕೆ ಹಾಕಿ ತುಟಿಯ ಹತ್ತಿರ ಹಿಡಿದ.

ಅಜ್ಜಿ ಬಾಯಿ ಮುಚ್ಚಿಕೊಂಡಳು. ಪೂಜಾರಪ್ಪನಿಗೆ ಕೇಳಿಸಿದ್ದು ಅವಳಿಗೆ ಕೇಳಿಸಿರಲಿಲ್ಲ.

ಅದಾದ ಮೇಲೆ ಹದಿಮೂರು ದಿನ ಇದ್ದಳು. ದಿನಾ ಒಂದಿಷ್ಟು ಹೊತ್ತು, ತಾತ ಬಂದು ಕೂತಾಗ, ತಾನಾಗಿಯೇ ಬಾಯಿ ತೆರೆದು ಪ್ರಯತ್ನ ಮಾಡುತ್ತಿದ್ದಳು. ತಾತ ತಲೆ ತಗ್ಗಿಸಿಕೊಂಡು ಕೇಳುತ್ತಿದ್ದ. "ಆಯ್ತದೆ ಬುಡಕ್ಕ, ನಾಳೀಕ್ ಆಯ್ತದೆ" ಅನ್ನುತ್ತಿದ್ದ. ನಾನು ಸ್ಕೂಲಿಗೆ ಹೋಗುತ್ತಿದ್ದೆ, ಬರುತ್ತಿದ್ದೆ. ಮಾಡುವುದಕ್ಕೆ ಏನೂ ಇರಲಿಲ್ಲ. ಸಮೀಕ್ಷೆ ಮುಗಿದಿತ್ತು, ಸೋಮವಾರಗಳು ಒಂದರ ಹಿಂದೆ ಒಂದು ಖಾಲಿ ಬರುತ್ತಿದ್ದವು.

ಅವಳು ಹೋದದ್ದು ಒಂದು ಬೆಳಿಗ್ಗೆ, ಅವ್ವ ತಲೆ ಬಾಚುತ್ತಿದ್ದಾಗ.

ಹೆಣ್ಣುಮಗಳು ಸತ್ತರೆ ತವರಿನವರು ಸೀರೆ ತಂದು ಹೊದಿಸಬೇಕು, ಬಾಯಿಗೆ ತವರಿನ ನೀರು ಬಿಡಬೇಕು. ಆಮೇಲೆ ಉಳಿದವರದು. ತಾತ ಹಸಿರು ಸೀರೆ ತಂದಿದ್ದ. ಸೀರೆಯ ಮಾತು ಆಣೆಯಲ್ಲಿ ಇರಲಿಲ್ಲ, ಹೊದಿಸಿದ. ಒಂದು ಸಣ್ಣ ಸ್ಟೀಲ್ ಕ್ಯಾನಿನಲ್ಲಿ ನೀರು ತಂದಿದ್ದ. ಅದರ ಮುಚ್ಚಳ ತೆಗೆದು ಅಕ್ಕನ ತಲೆಯ ಹತ್ತಿರ ಬಗ್ಗಿದ. ಅಜ್ಜಿಯ ಬಾಯಿ ಸ್ವಲ್ಪ ತೆರೆದೇ ಇತ್ತು. ಬಿಗಿಯಲು ಅವಳಿಗೆ ಈಗ ಆಗುತ್ತಿರಲಿಲ್ಲ. ಸುತ್ತ ನಿಂತವರೆಲ್ಲ ಕಾಯುತ್ತಿದ್ದರು. "ಬುಡು, ಒತ್ತಾಯ್ತು" ಅಂತ ಯಾರೋ ಅಂದರು.

ತಾತ ಅವಳ ಮುಖ ನೋಡುತ್ತಾ ಬಗ್ಗಿಕೊಂಡೇ ಇದ್ದ. ಆಮೇಲೆ ಕ್ಯಾನಿಗೆ ಮುಚ್ಚಳ ಹಾಕಿ ನೆಟ್ಟಗಾದ.

"ಬದ್ಕಿದ್ದಾಗ ಒಲ್ಲೆ ಅಂದೋಳು. ಈಗ ಬಾಯ್ ಮುಚ್ಕಳಕ್ ಆಗದಿಲ್ಲ ಅಂತ ಉಯ್ಯಕ್ಕಾಯ್ತದಾ? ಒಂದ್ ಸಲ ಯೋಳ್ದೆ ಕೇಳ್ದೆ ಮೋಸ ಮಾಡಿವ್ನಿ ಇವ್ಳಿಗೆ. ಇನ್ನೊಂದ್ ಸಲ ಮಾಡದಿಲ್ಲ." ಅವ್ವನ ಕಡೆ ತಿರುಗಿದ. "ನಿಮ್ಮನೆ ಬಿಂದ್ಗೆಯಿಂದ ಒಂದ್ ಲೋಟ ತಕ್ಕಂಡ್ ಬಾ ಮಗ."

ಅವ್ವ ತಂದಳು. ತಾತ ಆ ನೀರನ್ನೇ ಅಕ್ಕನ ಬಾಯಿಗೆ ಮೂರು ಸಲ ಬಿಟ್ಟ. ತಾನು ತಂದಿದ್ದ ಕ್ಯಾನನ್ನು ಏನು ಮಾಡುವುದೆಂದು ತಿಳಿಯದೆ ಆಚೀಚೆ ನೋಡಿ, ಹತ್ತಿರ ನಿಂತಿದ್ದ ನನ್ನ ಕೈಗೆ ಕೊಟ್ಟ. ಅಜ್ಜಿಯನ್ನು ಎತ್ತಿದರು. ತಮಟೆಯ ಸದ್ದು ಬೀದಿಯ ತಿರುವಿನಲ್ಲಿ ಮರೆಯಾಗುವವರೆಗೂ ನಾನು ಅದನ್ನು ಹಿಡಿದುಕೊಂಡೇ ಜಗಲಿಯ ಮೇಲೆ ನಿಂತಿದ್ದೆ. ಮನೆ ತೊಳೆಯಲು ಬಂದ ಹೆಂಗಸರು ಅದೇನು ಅಂತ ಕೇಳಿದರು. ನೀರು ಅಂದೆ. ಹಾಗಾದರೆ ಚೆಲ್ಲಿ ಕ್ಯಾನು ಕೊಡು, ತೊಳೆದಿಡುತ್ತೇವೆ ಅಂದರು. ನನ್ನಿಂದ ಆಗಲಿಲ್ಲ.